ಕಡೆಯವನ ಕರಿಯಂಗಿ

ಪಂದ್ಯವೆಂದೊಡನೆ ಗೆದ್ದವನಾರೆಂದು ಕೇಳುವುದು ಲೋಕದ ರೂಢಿ. ಎರಡನೆಯವನನ್ನು ಕುರಿತು ಕೆಲವರು ವಿಚಾರಿಸಬಹುದು. ಎಲ್ಲರಿಗಿಂತ ಹಿಂದೆ ಬಂದವನನ್ನು ಅವನ ಮನೆಯವರ ಹೊರತು ಕೇಳುವವರಿಲ್ಲ. ಹೀಗಿರಲು, ಕಟ್ಟಕಡೆಯ ಸ್ಥಾನವನ್ನೇ ಬಯಸಿ ಇಬ್ಬರು ಬೈಸಿಕಲ್ ಪಟುಗಳು ದೇಶವನ್ನೆಲ್ಲ ಸುತ್ತುತ್ತ ಸೆಣಸಿದರೆಂದರೆ ವಾಚಕರಿಗೆ ಅದು ಕಟ್ಟುಕಥೆಯೆಂದು ತೋರುವುದು ಸಹಜವೇ. ಆದರೆ ಇಟಲಿ ದೇಶದಲ್ಲಿ ಎರಡನೆಯ ಮಹಾಯುದ್ಧವು ಮುಗಿದ ಹೊಸತರಲ್ಲಿ ಇದು ನಿಜವಾಗಿಯೂ ನಡೆಯಿತು.

ಪಂದ್ಯದ ಸ್ವರೂಪವನ್ನು ಮೊದಲು ತಿಳಿಯಬೇಕು. ಮಿಲಾನ್ ನಗರದ ‘ಗಜೆತ್ತಾ ದೆಲ್ಲೊ ಸ್ಪೋರ್ತ್’ ಎಂಬ ವರ್ತಮಾನಪತ್ರಿಕೆಯು 1909ರಲ್ಲಿ ‘ಜೀರೋ ದಿತಾಲಿಯಾ’ ಎಂಬ ಹೆಸರಿನಿಂದ ಒಂದು ಬೈಸಿಕಲ್ ಪಂದ್ಯವನ್ನು ಏರ್ಪಡಿಸಿತು. ‘ಇಟಲಿಯ ಪ್ರದಕ್ಷಿಣೆ’ ಎಂದು ಅದರ ಅರ್ಥ. ಸುಮಾರು ಮೂರು ವಾರಗಳ ಕಾಲ ಸವಾರರು ಊರಿಂದೂರಿಗೆ, ಬೆಟ್ಟಗಳನ್ನು ಹತ್ತಿ ಇಳಿದು ಸಾಗುತ್ತಾರೆ. ದಿನದಿನದ ಕಾಲವನ್ನು ಕೂಡಿಸುತ್ತ ಹೋಗಿ, ಒಟ್ಟಿನಲ್ಲಿ ಅತ್ಯಲ್ಪ ಕಾಲವನ್ನು ತೆಗೆದುಕೊಂಡವನಿಗೆ ಜಯವನ್ನು ಕೊಡುವರು. ಆ ಪತ್ರಿಕೆಯು ಗುಲಾಬಿ ಬಣ್ಣದ ಕಾಗದದ ಮೇಲೆ ಅಚ್ಚಾಗುತ್ತಿದ್ದುದರಿಂದ, 1931ರಿಂದ ಮೊದಲಿಗನಿಗೆ ಗುಲಾಬಿ ಬಣ್ಣದ ಅಂಗಿಯನ್ನು ತೊಡಿಸುವ ಪದ್ಧತಿಯು ಬಂದಿತು. ಇನ್ನೊಂದು ನಿಯಮವೂ ಉಂಟು. ಮುಂದಿನ ಕಥೆಯೆಲ್ಲವೂ ಅದರ ಮೇಲೆ ನಿಂತಿದೆ. ದಿನದ ಮೊದಲಿಗನು ಮುಟ್ಟಿದ ಮೇಲೆ ಇಂತಿಷ್ಟು ಹೊತ್ತಿನೊಳಗೆ ಗುರಿಯನ್ನು ಸೇರದವನು ಪಂದ್ಯದಿಂದಲೇ ಹೊರಗಾಗುತ್ತಾನೆ. ಆದುದರಿಂದ ಬಿಟ್ಟುಹೋದವನು ಕಡೆಯವನಲ್ಲ. ಕಡೆಯವನೆನಿಸಬೇಕಾದರೆ ಕೊನೆಯ ದಿನದವರೆಗೂ ಉಳಿದಿರಬೇಕು.

ಯುದ್ಧದಿಂದ ನಿಂತುಹೋಗಿದ್ದ ಈ ಪಂದ್ಯವು 1946ರಲ್ಲಿ ಮತ್ತೆ ಆರಂಭವಾಯಿತು. ದಾರಿಗಳು ಕೆಟ್ಟಿದ್ದುವು, ಸೇತುವೆಗಳು ಮುರಿದಿದ್ದುವು, ಜನರಲ್ಲಿ ಹಸಿವು ಇನ್ನೂ ಇಂಗಿರಲಿಲ್ಲ. ಆ ವರ್ಷವೇ ಮೊದಲಿಗನ ಗುಲಾಬಿ ಅಂಗಿಗೆ ಎದುರಾಗಿ ಕಡೆಯವನಿಗೆ ಒಂದು ಕರಿಯ ಅಂಗಿಯನ್ನು ಕೊಡುವ ಏರ್ಪಾಟಾಯಿತು. ಕರಿಯ ಬಣ್ಣಕ್ಕೆ ಮೂಲಪುರುಷನೆಂದು ಜುಸೆಪ್ಪೆ ತಿಕೊತ್ಸೆಲ್ಲಿ ಎಂಬಾತನನ್ನು ಹೇಳುವುದುಂಟು. ಈತನು ಕಾಲ್ಚೆಂಡಿನ ಆಟಗಾರ. 1926ರ ಪ್ರದಕ್ಷಿಣೆಯಲ್ಲಿ ತನ್ನ ಕಾಲ್ಚೆಂಡಿನ ತಂಡದ ಕರಿಯಂಗಿಯನ್ನೇ ತೊಟ್ಟು ಬೈಸಿಕಲ್ಲನ್ನೇರಿದವನು. ಮುಸೊಲಿನಿಯ ಅನುಚರರು ತೊಡುತ್ತಿದ್ದುದೂ ಕರಿಯ ಅಂಗಿಯೇ ಎಂಬುದನ್ನು ಇಲ್ಲಿ ನೆನೆಯದಿರಲಾಗದು. ಆ ಸರ್ವಾಧಿಕಾರಿಯು ಹತನಾದುದು 1945ರ ಏಪ್ರಿಲ್ ತಿಂಗಳಿನಲ್ಲಿ. ಮರುವರ್ಷದ ಬೇಸಗೆಯಲ್ಲಿ ಅದೇ ದೇಶದ ಬೀದಿಗಳಲ್ಲಿ ಅದೇ ಬಣ್ಣವು ನಗೆಯ ವಸ್ತುವಾಗಿ ಹಾದುಹೋಯಿತು.

1946ರಲ್ಲಿ ಈ ಅಂಗಿಯನ್ನು ಪಡೆದವನು ಲೂಯಿಜಿ ಮಾಲಾಬ್ರೋಕ್ಕಾ. 1920ರಲ್ಲಿ ತೊರ್ತೋನಾ ಎಂಬ ಊರಿನಲ್ಲಿ ಹುಟ್ಟಿದವನು. ಅವನ ಕಣ್ಣಿನ ಆಕಾರವನ್ನು ಕಂಡು ಜೊತೆಯವರು ‘ಚೀಣೀಯವನು’ ಎಂದು ಅಡ್ಡಹೆಸರಿಟ್ಟಿದ್ದರು. ಆ ತೊರ್ತೋನಾದ ಬಳಿಯ ಗುಡ್ಡಗಳಲ್ಲಿಯೇ ಕಸ್ತೆಲ್ಲಾನಿಯಾ ಎಂಬ ಹಳ್ಳಿಯಿದೆ. ಅಲ್ಲಿ 1919ರಲ್ಲಿ ಹುಟ್ಟಿದವನು ಫಾವುಸ್ತೊ ಕೊಪ್ಪಿ, ಬೈಸಿಕಲ್ ಸವಾರಿಯಲ್ಲಿ ಲೋಕಪ್ರಸಿದ್ಧನಾದ ಮಹಾಪಟು. 1947ರ ಪ್ರದಕ್ಷಿಣೆಯಲ್ಲಿ ಕೊಪ್ಪಿಯು ಮೊದಲನೆಯವನಾದನು, ಮಾಲಾಬ್ರೋಕ್ಕನು ಪುನಃ ಕಡೆಯವನಾದನು. ಹೀಗೆ ಒಂದೇ ಸೀಮೆಯು ಪಂದ್ಯದ ಎರಡು ತುದಿಗಳನ್ನೂ ಹಿಡಿದುಕೊಂಡಿತು! ಇಬ್ಬರ ನಡುವೆ ಇದ್ದ ಅಂತರವು ಸುಮಾರು ಆರು ಗಂಟೆ.

ಮಾಲಾಬ್ರೋಕ್ಕನಿಗೆ ಕಾಲಲ್ಲಿ ಬಲವಿರಲಿಲ್ಲವೇ? ಇದ್ದಿತು. 1947ರಲ್ಲಿಯೇ ಅವನು ಫ್ರಾನ್ಸಿನಲ್ಲಿ ಪ್ಯಾರಿಸ್ಸಿನಿಂದ ನಾಂತ್‌ವರೆಗಿನ ಪಂದ್ಯವನ್ನು ಗೆದ್ದನು. 1948ರಲ್ಲಿ ಇಟಲಿಯ ಅಗೊಸ್ತೋನಿ ಪಾನಪಾತ್ರೆಯನ್ನು ಪಡೆದನು. ಕೆಸರುಹೊಲಗಳಲ್ಲಿ ನಡೆಯುವ ಬೈಸಿಕಲ್ ಪಂದ್ಯದಲ್ಲಿ 1951ರಲ್ಲಿಯೂ 1953ರಲ್ಲಿಯೂ ತನ್ನ ದೇಶದ ಪ್ರಥಮನೆನಿಸಿದನು. ಆದರೆ ಪ್ರದಕ್ಷಿಣೆಯಲ್ಲಿ ಕೊಪ್ಪಿ, ಬಾರ್ತಲಿಯರಂಥವರ ಎದುರಿನಲ್ಲಿ ನಲವತ್ತನೆಯವನೋ ಐವತ್ತನೆಯವನೋ ಆಗಿ ಬಂದರೆ ದೊರೆಯುವುದೇನು? ಕಡೆಯವನಿಗಾದರೋ ಹಣದ ಬಹುಮಾನವಿದ್ದಿತು. ಅಲ್ಲದೆ ಅವನ ಮೇಲೆ ಕನಿಕರಗೊಂಡ ಊರವರು ಮಾಂಸ, ಗಿಣ್ಣು, ದ್ರಾಕ್ಷಾರಸ ಮುಂತಾದುವನ್ನು ತಂದು ಕೊಡುತ್ತಿದ್ದರು. ಸಂಸಾರವನ್ನು ಸಾಕಬೇಕಾದ ಬಡವನು ಈ ಲೆಕ್ಕವನ್ನು ಬೇಗನೆ ಕಲಿತನು.

ಕಲಿತ ಮೇಲೆ ಅದನ್ನೊಂದು ವಿದ್ಯೆಯಾಗಿಯೇ ಬೆಳೆಸಿದನೆನ್ನಬೇಕು. ಪೊದೆಯ ಹಿಂದೆ ಅವಿತುಕೊಳ್ಳುವನು. ತನ್ನ ಚಕ್ರದ ಗಾಳಿಯನ್ನು ತಾನೇ ತೆಗೆಯುವನು. ದಾರಿಯ ಪಾನಶಾಲೆಗಳಲ್ಲಿ ಕುಳಿತು ಹೊತ್ತು ಕಳೆಯುವನು. ಒಮ್ಮೆ ದನಗಳಿಗೆ ನೀರು ತುಂಬುವ ಬರಿದಾದ ತೊಟ್ಟಿಯಲ್ಲಿ ಇಳಿದು ಕುಳಿತಿದ್ದನಂತೆ. ಹೊಲದೊಡೆಯನು ಬಗ್ಗಿ ನೋಡಿ, ಇಲ್ಲೇನು ಮಾಡುತ್ತಿರುವೆಯೆಂದು ಕೇಳಲು, ಇಟಲಿಯ ಪ್ರದಕ್ಷಿಣೆಯ ಪಂದ್ಯದಲ್ಲಿ ಓಡುತ್ತಿರುವೆನೆಂದು ಉತ್ತರ ಕೊಟ್ಟನೆಂಬ ಕಥೆಯಿದೆ. ಇದು ಹೇಳಿ ಹೇಳಿ ಬೆಳೆದುದಾಗಿರಬಹುದು. ಆದರೂ ಅವನ ಸ್ವಭಾವಕ್ಕೆ ಚೆನ್ನಾಗಿ ಒಪ್ಪುತ್ತದೆ. ಇಷ್ಟೆಲ್ಲ ಮಾಡುವಾಗಲೂ ಒಂದು ಕಣ್ಣು ಗಡಿಯಾರದ ಮೇಲೆಯೇ ಇರಬೇಕು. ಪ್ರತಿಸ್ಪರ್ಧಿಗಿಂತ ತಡವಾಗಬೇಕು, ಆದರೆ ನಿಯಮದ ಗಡುವು ಮೀರಬಾರದು. ಮುಂದೆ ಹೋಗುವವನಿಗೆ ಒಂದು ಭಯವಾದರೆ ಹಿಂದುಳಿಯುವವನಿಗೆ ಎರಡು.

ಭರತಮುನಿಯು ಎಂಟು ರಸಗಳಲ್ಲಿ ಹಾಸ್ಯವನ್ನೂ ಎಣಿಸಿರುವನಷ್ಟೆ. ವೇಷ, ಮಾತು, ನಡೆಗಳ ವಿಕಾರವೇ ಹಾಸ್ಯದ ಬೀಜವೆಂಬುದು ಆಲಂಕಾರಿಕರ ಮತ. ಇಲ್ಲಿ ವಿಕಾರವಿರುವುದು ವೇಷದಲ್ಲಲ್ಲ, ಸಂಕಲ್ಪದಲ್ಲಿ. ಆ ಸಂಕಲ್ಪದ ಹಿಂದೆ ಇದ್ದುದು ಅನ್ನದ ಚಿಂತೆಯೆಂದು ತಿಳಿದ ಮೇಲೆ ನಗೆಯು ಅಷ್ಟು ಹಗುರವಾಗಿ ಬರುವುದಿಲ್ಲ.

1948ರಲ್ಲಿ ಕರಿಯಂಗಿಯು ಅಲ್ದೊ ಬೀನಿಯ ಪಾಲಾಯಿತು. ಇವನು 1937ರಲ್ಲಿಯೂ 1942ರಲ್ಲಿಯೂ ಲೊಂಬಾರ್ದಿಯ ಮಹಾಪಂದ್ಯವನ್ನು ಗೆದ್ದಿದ್ದ ವೀರ. ಕೈಯ ಮೂಳೆ ಮುರಿದಿದ್ದರೂ ಪಂದ್ಯವನ್ನು ಬಿಡದೆ ಮುಗಿಸಿ ಕಡೆಯವನಾದನು. ಇವನಲ್ಲಿ ಕಪಟದ ಲೇಶವೂ ಇರಲಿಲ್ಲ. ಅದೇ ಅಂಗಿ, ಅದೇ ಸ್ಥಾನ. ಆದರೆ ಮಾಲಾಬ್ರೋಕ್ಕನ ಪಕ್ಕದಲ್ಲಿ ಇವನನ್ನು ನಿಲ್ಲಿಸಲು ಮನಸ್ಸು ಒಪ್ಪುವುದಿಲ್ಲ.

ನಿಜವಾದ ಕಾಳಗವು ನಡೆದುದು 1949ರಲ್ಲಿ. ಸಾಂತೆ ಕರೋಲ್ಲೊ ಎಂಬ ಗಾರೆಯ ಕೆಲಸದವನು ವಿಚೆಂತ್ಸಾ ಸೀಮೆಯಿಂದ ಬಂದಿದ್ದನು. ಫಿಯೊರೆಂತ್ಸೊ ಮಾಞಿ ಎಂಬ ಹೆಸರಾಂತ ಸವಾರನ ಬದಲಿಗೆ ಕೊನೆಯ ಗಳಿಗೆಯಲ್ಲಿ ಅವನನ್ನು ತಂಡಕ್ಕೆ ಸೇರಿಸಿಕೊಂಡಿದ್ದರು. ಮೊದಮೊದಲು ಅವನು ಹಿಂದುಳಿದುದು ಕೈಲಾಗದೆ. ಕರಿಯಂಗಿಯ ಲಾಭವನ್ನು ಕಂಡ ಮೇಲೆ ಅವನೂ ಪಣ ತೊಟ್ಟನು. ಒಬ್ಬನು ಕೊಟ್ಟಿಗೆಯಲ್ಲಿ ಅಡಗಿದರೆ ಇನ್ನೊಬ್ಬನು ಅವನಿಗಾಗಿ ಕಾದು ಮರದ ಮರೆಯಲ್ಲಿ ನಿಲ್ಲುವನು. ಆ ವರ್ಷ ಕ್ಯೂನೆಯೊದಿಂದ ಪಿನೆರೋಲೊಗೆ ಹೋಗುವ ದಿನ ಕೊಪ್ಪಿಯು ಐದು ಘಟ್ಟಗಳ ಮೇಲೆ 192 ಕಿಲೋಮೀಟರುಗಳಷ್ಟು ದೂರ ಒಂಟಿಯಾಗಿ ಮುಂದೆ ನಡೆದು ಪಂದ್ಯವನ್ನು ಗೆದ್ದನು. ಜನರು ಅತ್ತ ಕೊಪ್ಪಿಯನ್ನು ನೋಡಿ ಬೆರಗಾದರು, ಇತ್ತ ಈ ಇಬ್ಬರನ್ನು ನೋಡಿ ನಕ್ಕರು.

ಜೂನ್ 12ರಂದು ತೂರಿನ್ನಿನಿಂದ ಮೊಂತ್ಸಾಕ್ಕೆ ಕೊನೆಯ ದಿನದ ಪಯಣ. ಕರೋಲ್ಲೊ ಇನ್ನೂ ಹಿಂದಿದ್ದನು; ಮಾಲಾಬ್ರೋಕ್ಕನು ಒಂದೇ ದಿನದಲ್ಲಿ ಬಹಳ ಕಾಲವನ್ನು ಕಳೆಯಬೇಕಾಗಿದ್ದಿತು. ದಾರಿಯಲ್ಲಿ ಒಂದು ಪಾನಶಾಲೆಯನ್ನು ಹೊಕ್ಕು ಅಲ್ಲಿದ್ದವರೊಡನೆ ಹರಟೆಗೆ ಕುಳಿತನು. ಸಾಕೆಂದು ತೋರಿದಾಗ ಎದ್ದು ನಿಧಾನವಾಗಿ ಮೊಂತ್ಸಾವನ್ನು ಸೇರಿದನು. ಕಾಲವನ್ನು ಗುರುತಿಸುವ ಅಧಿಕಾರಿಗಳು ಕಾದು ಬೇಸತ್ತು ಆಗಲೇ ಮನೆಗೆ ಹೋಗಿದ್ದರು! ಇವನಿಗೆ ಗುಂಪಿನೊಡನೆ ಬಂದವರ ಕಾಲವನ್ನೇ ಬರೆದುಬಿಟ್ಟಿದ್ದರು. ಕಳೆದ ಗಂಟೆಗಳೆಲ್ಲ ನೀರಿನಲ್ಲಿ ಹೋಮಮಾಡಿದಂತಾದುವು. ಕೊಪ್ಪಿಗಿಂತ ಹತ್ತು ಗಂಟೆಗಳಿಗೆ ಸ್ವಲ್ಪವೇ ಕಡಮೆಯಾಗಿ ಹಿಂದುಳಿದ ಕರೋಲ್ಲೊನಿಗೆ ಕರಿಯಂಗಿಯು ದಕ್ಕಿತು. ಕಡೆಯಿಂದ ಎರಡನೆಯವನಾದ ಮಾಲಾಬ್ರೋಕ್ಕನಿಗೆ ಅಂಗಿಯು ತಪ್ಪಿತು. ಕುಟಿಲತೆಯಲ್ಲಿ ಪಳಗಿದವನನ್ನು ಅವನ ಕುಟಿಲತೆಯೇ ಸೋಲಿಸಿತು. ಗಾರೆಯವನಿಗೆ ನ್ಯಾಯವೇ ದೊರೆಯಿತೆನ್ನಬಹುದು.

ಫ್ರಾನ್ಸ್ ದೇಶದ ಪ್ರದಕ್ಷಿಣೆಯಲ್ಲಿಯೂ ಕಡೆಯವನಿಗೊಂದು ಬಿರುದುಂಟು. ರೈಲುಗಾಡಿಯ ಕೊನೆಯ ಡಬ್ಬಿಗೆ ತೂಗುಹಾಕುವ ದೀಪದ ನೆನಪಿನಿಂದ ಅವನನ್ನು ‘ಕೆಂಪು ಲಾಂದ್ರ’ವೆನ್ನುವರು. 1979ರಲ್ಲಿ ಆಸ್ಟ್ರಿಯದ ಷೋನ್‌ಬಾಖರನೂ ಫ್ರಾನ್ಸಿನ ತೆನಿಯೇರನೂ ಇದಕ್ಕಾಗಿ ಸ್ಪರ್ಧಿಸಿದರು. ದಿಜೊನ್ ಊರಿನಲ್ಲಿ ಒಬ್ಬೊಬ್ಬರಾಗಿ ಓಡುವ ದಿನ ಇಬ್ಬರೂ ಬೇಕೆಂದೇ ತಡಮಾಡಲು, ತೆನಿಯೇರನು ಗಡುವನ್ನು ಮೀರಿ ಪಂದ್ಯದಿಂದಲೇ ಹೊರಬಿದ್ದನು. ಷೋನ್‌ಬಾಖರನು ಲಾಂದ್ರವನ್ನು ಪಡೆದನು. ಮರುವರ್ಷ ಪಂದ್ಯದ ಒಡೆಯರು ರೇಗಿ, ಕೆಲವು ದಿನಗಳ ಮಟ್ಟಿಗೆ ಪ್ರತಿದಿನವೂ ಒಟ್ಟಿನ ಲೆಕ್ಕದಲ್ಲಿ ಕಡೆಯವನನ್ನು ತೆಗೆದುಹಾಕುವ ನಿಯಮವನ್ನು ತಂದರು. ಆದರೂ 1980ರಲ್ಲಿ ಕಡೆಯವನಾಗಿ ಪ್ಯಾರಿಸ್ಸನ್ನು ಸೇರಿದವನು ಅದೇ ಷೋನ್‌ಬಾಖರನೇ.

ಇಟಲಿಯಲ್ಲಿ 1950ರಲ್ಲಿ ಮಾರಿಯೊ ಜೆಸ್ತ್ರಿಯೂ 1951ರಲ್ಲಿ ಜೊವಾನ್ನಿ ಪಿನಾರೆಲ್ಲೊ ಎಂಬಾತನೂ ಕರಿಯಂಗಿಯನ್ನು ತೊಟ್ಟರು. ಅಲ್ಲಿಗೆ ಆ ಪದ್ಧತಿಯು ನಿಂತಿತು. 1952ರಲ್ಲಿ ಪಿನಾರೆಲ್ಲೊನ ತಂಡದವರು ಮತ್ತೊಬ್ಬ ಸವಾರನಿಗೆ ಸ್ಥಳವನ್ನು ಬಿಟ್ಟುಕೊಡುವಂತೆ ಅವನನ್ನು ಕೇಳಿ, ಅದಕ್ಕಾಗಿ 100,000 ಲೀರಾಗಳನ್ನು ಕೊಟ್ಟರು. ಆ ಹಣದಿಂದ ಅವನು ತ್ರೆವೀಜೊ ನಗರದಲ್ಲಿ ಬೈಸಿಕಲ್ಲುಗಳನ್ನು ಮಾಡುವ ಒಂದು ಅಂಗಡಿಯನ್ನು ತೆರೆದನು. 1988ರಲ್ಲಿ ಸ್ಪೇನ್ ದೇಶದ ಪೆದ್ರೊ ದೆಲ್ಗಾದೊ ಫ್ರಾನ್ಸಿನ ಪ್ರದಕ್ಷಿಣೆಯನ್ನು ಗೆದ್ದಾಗ ಅವನು ಏರಿದ್ದುದು ಪಿನಾರೆಲ್ಲೊನ ಹೆಸರಿನ ಬೈಸಿಕಲ್ಲು.