ಸೊರಬದ ಕಾಡು ಕೊಟ್ಟ ಎಚ್ಚರಿಕೆ



ಖಲೀಫಾ ಉಮರ್(ರ) ಶಾಮ್ ದೇಶಕ್ಕೆ ಹೊರಟಿದ್ದಾಗ, ಮುಂದೆ ಪ್ಲೇಗ್ ಹಬ್ಬಿದೆ ಎಂಬ ಸುದ್ದಿ ಸರ್ಗ್ ಎಂಬಲ್ಲಿ ಸಿಕ್ಕಿತು. ಸಂಗಾತಿಗಳೊಂದಿಗೆ ಸಮಾಲೋಚಿಸಿ ಅವರು ಹಿಂದಿರುಗಲು ನಿರ್ಧರಿಸಿದರು. ಇದು ಅಲ್ಲಾಹನ ವಿಧಿಯಿಂದ ಓಡಿದಂತಲ್ಲವೇ ಎಂದು ಅಬೂ ಉಬೈದಾ(ರ) ಕೇಳಿದರು. ಅವನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂದು ಉಮರ್(ರ) ಉತ್ತರಿಸಿದರು. ಎಚ್ಚರಿಕೆ ವಹಿಸುವುದೂ ತವಕ್ಕುಲ್‌ನ ಭಾಗವೇ.

ಈ ಪಾಠ ನಮ್ಮ ಜಿಲ್ಲೆಗೆ ಹೊಸತಲ್ಲ. ಕುಂಸಿಯಿಂದ ಸಾಗರದ ದಾರಿ ಹಿಡಿದು ಮುಂದೆ ಹೋದರೆ ಸೊರಬ. ಆ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜನರೂ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದಾಗ ಮೊದಲು ಹಳದಿ ಜ್ವರವೆಂದು ಶಂಕಿಸಿದರು. ಪರೀಕ್ಷಿಸಿದಾಗ ಸಿಕ್ಕಿದ್ದು ಅದುವರೆಗೆ ಯಾರೂ ಗುರುತಿಸದ ವೈರಾಣು. ಅದಕ್ಕೆ ಕ್ಯಾಸನೂರು ಕಾಡಿನ ಹೆಸರೇ ಉಳಿಯಿತು. ನಾವು ಮಂಗನ ಕಾಯಿಲೆ ಎನ್ನುತ್ತೇವೆ.

ಬೇರೆ ನಾಡುಗಳಲ್ಲಿ ಮರಳು ನೊಣ ಕಚ್ಚಿ ಕಾಲಾ ಅಜಾರ್ ಹರಡಿದಂತೆ, ಇಲ್ಲಿ ರೋಗ ತರುವುದು ಉಣುಗು. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಉದುರಿ ಸುತ್ತಲಿನ ನೆಲದಲ್ಲಿ ಹರಡುತ್ತವೆ. ಸೌದೆ, ದರಗು ತರಲು ಹೋದವರಿಗೆ, ದನ ಮೇಯಿಸುವವರಿಗೆ ಕಚ್ಚುತ್ತವೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಆದ್ದರಿಂದ ರೋಗಿಯನ್ನು ದೂರವಿಡುವುದು ತಪ್ಪು, ಸಂದರ್ಶಿಸಿ ಆರೈಕೆ ಮಾಡುವುದು ನಮ್ಮ ಹೊಣೆ.

2019ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಈ ರೋಗ ಹಲವು ಮನೆಗಳನ್ನು ದುಃಖಕ್ಕೆ ದೂಡಿತು. ವರ್ಷಗಳ ಕಾಲ ಕೊಡುತ್ತಿದ್ದ ಹಳೆಯ ಲಸಿಕೆ ಈಗ ಬಳಕೆಯಲ್ಲಿಲ್ಲ. ರೋಗವನ್ನೇ ಕೊಲ್ಲುವ ಔಷಧಿಯೂ ಇಲ್ಲ. ಬೇಗ ಆಸ್ಪತ್ರೆ ಸೇರಿದರೆ ಆರೈಕೆಯಿಂದ ಹೆಚ್ಚಿನವರು ಗುಣವಾಗುತ್ತಾರೆ.

ಹೀಗಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕಾಡಿಗೆ ಹೋಗುವವರು ಮೈ ಮುಚ್ಚುವ ಬಟ್ಟೆ ಧರಿಸಲಿ, ಆರೋಗ್ಯ ಇಲಾಖೆ ಕೊಡುವ ಡೀಪಾ ತೈಲ ಹಚ್ಚಲಿ. ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಲಿ. ಸತ್ತ ಮಂಗ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಲಿ. ಏಕಾಏಕಿ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಬರೀ ತಾಯಿತ ಕಟ್ಟಿ ಕೂರಬೇಡಿ. ಚಿಕಿತ್ಸೆ ಪಡೆಯಿರೆಂದು ನಮಗೆ ಕಲಿಸಿದವರು ಸ್ವತಃ ಪ್ರವಾದಿ(ಸ). ದುಆ ಮಾಡೋಣ, ಆಸ್ಪತ್ರೆಗೂ ಹೋಗೋಣ.

ಅಲ್ಲಾಹನು ಮಲೆನಾಡಿನ ಎಲ್ಲ ಮನೆಗಳನ್ನೂ ಕಾಪಾಡಲಿ. ಆಮೀನ್.