ಅಜ್ಜನ ಲೆನ್ಸಿಗೊಂದು ಟೋಪಿ

ಗಿರಿನಗರದ ಮನೆಯ ಅಟ್ಟದಿಂದ ಅಜ್ಜನ ಜರ್ಮನ್ ಕ್ಯಾಮೆರಾ ಇಳಿಸಿದ್ರಾ? ಫೋಟೋ ಮಂಕಾಗಿ ಬಂತು ಅಂತ ಮಾರೋಕೆ ಹೊರಡಬೇಡಿ. ಗಾಜಿಗೆ ಬೂಷ್ಟು ಹಿಡಿದಿಲ್ಲ ಅಂದ್ರೆ, ಮೊದಲು ಒಂಚೂರು ಇತಿಹಾಸ ಕೇಳಿ.

1902ರ ಟೆಸ್ಸಾರ್ ಲೆನ್ಸಿನಲ್ಲಿ ಗಾಳಿಗೆ ತಾಗುವ ಗಾಜಿನ ಮೇಲ್ಮೈಗಳು ಆರು. ಲೇಪನವಿಲ್ಲದ ಪ್ರತಿಯೊಂದೂ ಸುಮಾರು ಶೇ. 4ರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಒಳಗೇ ಪುಟಿದಾಡುವ ಆ ಬೆಳಕು ಚಿತ್ರದ ಕಪ್ಪನ್ನು ಬೂದಿಬಣ್ಣ ಮಾಡುತ್ತದೆ. 1935ರಲ್ಲಿ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಇದನ್ನು ತಗ್ಗಿಸುವ ಲೇಪನ ಕಂಡುಹಿಡಿದರು. ಜನಸಾಮಾನ್ಯರ ಕ್ಯಾಮೆರಾಗಳಿಗೆ ಅದು ಹರಡಿದ್ದು ಎರಡನೇ ಮಹಾಯುದ್ಧದ ನಂತರ. ಅಲ್ಲಿವರೆಗೆ ಪಕ್ಕದ ಬಿಸಿಲಿಗೆ ಮುಖ್ಯ ಉಪಾಯ ಹುಡ್ಡೇ.

ಹಳೇ ಲೆನ್ಸಿಗೆ ಎಷ್ಟೋ ಸಲ ತಿರುಪಿನ ಎಳೆಯೇ ಇರಲ್ಲ. ಹೊರ ಅಂಚಿನ ವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆದು, ಹೊರಗಿಂದ ಕಚ್ಚಿಕೊಳ್ಳುವ ಹುಡ್ ಕೇಳಿ. ಫೋಟೋದ ಮೂಲೆ ಕಪ್ಪಾದ್ರೆ ಹುಡ್ ಉದ್ದ ಜಾಸ್ತಿಯಾಯ್ತು ಅಂತ. ಸಿಗೋವರೆಗೆ ಕಪ್ಪು ಚಾರ್ಟ್ ಶೀಟ್ ಸುತ್ತಿ. ಅಜ್ಜನ ಲೆನ್ಸ್ ಕೆಟ್ಟಿಲ್ಲ, ಬಿಸಿಲಿಗೆ ಕಣ್ಣು ಕುಕ್ಕಿದೆ, ಅಷ್ಟೇ.