ಇಸೆಯ ನೈವೇದ್ಯ, ಕುಜಾಕಿಯ ಕಸುಬು

ಜಪಾನಿನ ಶಿಮಾ ಪರ್ಯಾಯ ದ್ವೀಪದ ಅಂಚಿನಲ್ಲಿ ಕುಜಾಕಿ ಎಂಬ ಮೀನುಗಾರರ ಊರಿದೆ. ಅಲ್ಲಿನ ಅಮಾಕಜುಕಿಮೆ ಎಂಬ ಶಿಂಟೋ ಗುಡಿಯಲ್ಲಿ ಪೂಜೆ ಸಲ್ಲುವುದು ಮುಳುಗುವ ಹೆಣ್ಣಿಗೆ. ಸ್ಥಳಪುರಾಣದ ಪ್ರಕಾರ, ಇಸೆಯಲ್ಲಿ ಸೂರ್ಯದೇವಿ ಅಮತೆರಾಸುವನ್ನು ನೆಲೆಗೊಳಿಸಿದ ರಾಜಕುವರಿ ಯಮಾತೊಹಿಮೆ ನೈವೇದ್ಯಕ್ಕೆ ತಕ್ಕ ಪದಾರ್ಥ ಹುಡುಕುತ್ತ ಇಲ್ಲಿಗೆ ಬಂದಳು. ಓಬೆನ್ ಎಂಬ ಆಮಾ, ಅಂದರೆ ಉಸಿರು ಬಿಗಿಹಿಡಿದು ಕಡಲ ತಳ ಮುಟ್ಟುವ ಹೆಂಗಸು, ಅವಳಿಗೆ ಅವಾಬಿ ಕೊಟ್ಟಳು. ಬಂಡೆಗೆ ಕಚ್ಚಿಕೊಂಡು ಬದುಕುವ ಒಂಟಿಚಿಪ್ಪಿನ ಜೀವಿ ಅದು. ಅಂದಿನಿಂದ ಊರು ಇಸೆಗೆ ಅವಾಬಿ ಒಪ್ಪಿಸುತ್ತ ಬಂದಿದೆಯಂತೆ. ಇದನ್ನು ಭಕ್ತಿಯ ಕತೆಯಾಗಿ ಓದುವುದು ರೂಢಿ. ನನಗಾದರೋ ಇಲ್ಲಿ ಕಸುಬು ಮೊದಲು, ದೇವತೆ ಆಮೇಲೆ ಎನಿಸುತ್ತದೆ. 8ನೆಯ ಶತಮಾನದ ರಾಜಧಾನಿ ನಾರಾದಲ್ಲಿ ಅಗೆದಾಗ ಸಿಕ್ಕ ಮರದ ಚೀಟಿಗಳಲ್ಲಿ ಶಿಮಾದಿಂದ ಬಂದ ಅವಾಬಿಯ ಲೆಕ್ಕವಿದೆ. ಅವುಗಳಲ್ಲೊಂದರ ಕಾಲ 745. ಅಂದರೆ ದೊರೆಯ ಅಡುಗೆಮನೆಗೂ ಇದೇ ಸರಕು ಹೋಗುತ್ತಿತ್ತು. ಸಲ್ಲಿಸಲೇಬೇಕಾಗಿದ್ದ ಪಾಲಿಗೆ ಪುರಾಣ ಒಂದು ಮರ್ಯಾದೆಯ ಹೆಸರು ಕೊಟ್ಟಿತು.

ಹಾಗಾದರೆ ಇದು ದೇವರ ಹೆಸರಿನ ಕಂದಾಯವಷ್ಟೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಒಪ್ಪಬೇಕಾದ ಮಾತೇ, ಕುಜಾಕಿ ಇಸೆಗೆ ಬಿಟ್ಟುಕೊಟ್ಟ ಊರಾಗಿತ್ತು, ಕೊಡುವುದಿಲ್ಲ ಎನ್ನುವ ಸ್ವಾತಂತ್ರ್ಯ ಅದಕ್ಕಿರಲಿಲ್ಲ. ಆದರೆ ಕಂದಾಯಕ್ಕೆ ತೂಕ ಸಾಕು, ನೈವೇದ್ಯಕ್ಕೆ ರೂಪವೂ ಬೇಕು. ಹಸಿ ಅವಾಬಿ ಬೇಗ ಕೆಡುತ್ತದೆ. ಅದಕ್ಕೇ ಬಾಗಿದ ಕತ್ತಿಯಿಂದ ಮಾಂಸವನ್ನು ಸುತ್ತ ಸುತ್ತ ತೆಳ್ಳಗೆ ಹೆರೆದು, ಉದ್ದನೆಯ ಪಟ್ಟಿ ತೆಗೆದು, ಒಣಗಿಸಿ, ಹದವಾಗಿ ಕತ್ತರಿಸಿ ಹುಲ್ಲಿನ ಹುರಿಯಲ್ಲಿ ಕಟ್ಟುತ್ತಾರೆ. ನೀರಿನ ಕೆಲಸ ಹೆಂಗಸರದು, ಹೆರೆಯುವ ಕೆಲಸ ಊರಿನ ಹಿರಿಯ ಗಂಡಸರದು. ಹೀಗೆ ಕಡಲಿನ ಕಸುಬಿಗೆ ದಡದಲ್ಲೊಂದು ಜೋಡಿ ಕಸುಬು ಹುಟ್ಟಿತು. 1871ರಲ್ಲಿ ಮೇಜಿ ಸರಕಾರ ಗುಡಿಗಳ ಭೂಮಿಯನ್ನು ವಶಪಡಿಸಿಕೊಂಡಾಗ ಹಳೆಯ ಕಟ್ಟುಪಾಡು ಮುರಿಯಿತು. ಬರಿಯ ಕಂದಾಯವಾಗಿದ್ದರೆ ಅಲ್ಲಿಗೇ ಮುಗಿಯಬೇಕಿತ್ತು. ಇಂದಿಗೂ ಜೂನ್, ಅಕ್ಟೋಬರ್, ಡಿಸೆಂಬರ್ ಹಬ್ಬಗಳಿಗೆ ಕುಜಾಕಿಯ ಪಟ್ಟಿಗಳೇ ಇಸೆಗೆ ಹೋಗುತ್ತವೆ. ಜಪಾನೀಯರು ಉಡುಗೊರೆಯ ಲಕೋಟೆಗೆ ಅಂಟಿಸುವ ‘ನೋಶಿ’ಯ ಮೂಲವೂ ಒಣಗಿಸಿದ ಈ ಅವಾಬಿ ಪಟ್ಟಿಯೇ, ಈಗ ಹೆಚ್ಚಾಗಿ ಕಾಗದ, ಇಲ್ಲವೇ ಅಚ್ಚಿನ ಗುರುತು.

ಗುಡಿಯೇ ಕಸುಬನ್ನು ಕಾಪಾಡಿತು ಎನ್ನುವವರ ಜೊತೆ ಮಾತ್ರ ನಾನಿಲ್ಲ. ಅದು ಕೈಕೆಲಸವನ್ನು ಉಳಿಸಿತು, ಕಡಲನ್ನಲ್ಲ. ಕಡಲಪಾಚಿ ಕ್ಷೀಣಿಸಿದರೆ ಅದನ್ನು ತಿಂದು ಬೆಳೆಯುವ ಅವಾಬಿಗೆ ಉಳಿಗಾಲವಿಲ್ಲ. ಮುಳುಗುವವರೂ ಕಡಿಮೆಯಾಗುತ್ತಿದ್ದಾರೆ, ಇರುವವರಲ್ಲಿ ಮುದುಕಿಯರೇ ಹೆಚ್ಚು. 10.6 ಸೆಂಟಿಮೀಟರಿಗಿಂತ ಚಿಕ್ಕ ಅವಾಬಿಯನ್ನು ಮರಳಿ ನೀರಿಗೆ ಬಿಡಬೇಕು. ಈ ನಿಯಮ ಪುರಾಣದಲ್ಲಿಲ್ಲ, ಮಿಎ ಪ್ರಾಂತ್ಯದ ಮೀನುಗಾರಿಕೆ ಕಟ್ಟಳೆಯಲ್ಲಿದೆ.